ಮ್ಯಾನೇಜರ್ ದಾನ ಮಾಡಿದ ಫ್ರಿಜ್

ಬೀದಿಯವರೆಲ್ಲ ಮ್ಯಾನೇಜರ್ ಎಂದು ಕರೆಯುತ್ತಿದ್ದ ಆ ಮನುಷ್ಯ ಯಾವ ಸಂಸ್ಥೆಗೂ ಮ್ಯಾನೇಜರ್ ಆಗಿರಲಿಲ್ಲ. ದೊಡ್ಡ ರಸ್ತೆಯ ಪೀಠೋಪಕರಣದ ಮಳಿಗೆಯಲ್ಲಿ ಗಿರಾಕಿಗಳಿಗೆ ಸೋಫಾ ತೋರಿಸುವುದು ಅವರ ಕೆಲಸ. ಗಿರಾಕಿ ಕುಳಿತು ನೋಡಿ, ಬೆಲೆ ಕೇಳಿ, ಎದ್ದು ಹೋದ ಮೇಲೆ ಸೋಫಾದ ಮೇಲೆ ಉಳಿದ ಗುಳಿಯನ್ನು ತಟ್ಟಿ ಸರಿಮಾಡುವುದೂ ಅವರದೇ ಕೆಲಸ. ಮಳಿಗೆಯ ನಿಯಮದಂತೆ ಟೈ ಕಟ್ಟಬೇಕಿತ್ತು. ಆ ಟೈ ಬೀದಿಯ ತುದಿಯಲ್ಲಿರುವ ಕಟಿಂಗ್ ಶಾಪಿನವನ ಕಣ್ಣಿಗೆ ಬಿದ್ದು, ಅವನೊಂದು ದಿನ "ನಮಸ್ಕಾರ ಮ್ಯಾನೇಜರ್ ಸಾಹೇಬ್ರೇ" ಅಂದ. ಆಗಲೇ "ನಾನು ಮ್ಯಾನೇಜರ್ ಅಲ್ಲಪ್ಪ" ಎಂದು ಹೇಳಿಬಿಟ್ಟಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಅವರು ಟೈಯ ಗಂಟನ್ನು ಕೊಂಚ ಮೇಲಕ್ಕೆ ಸರಿಸಿಕೊಂಡು ಗಂಭೀರವಾಗಿ ನಡೆದು ಹೋದರು.

ಆ ವರ್ಷ ಸಾಮಾನಿನ ಬೆಲೆ ಏರಿದ ಬಗೆಯನ್ನು ವರ್ಣಿಸಬೇಕಿಲ್ಲ. ಓದುಗರೂ ಅಂಗಡಿಗೆ ಹೋಗಿಬರುವವರೇ. ಎಣ್ಣೆ ಏರಿತು, ಬೇಳೆ ಏರಿತು, ಗ್ಯಾಸು ಏರಿತು, ಬಾಡಿಗೆ ಅವುಗಳ ಬೆನ್ನು ಹತ್ತಿ ಏರಿತು. ಹೀಗೆ ಎಲ್ಲವೂ ಏರುವಾಗ ಜನ ಮೊಟ್ಟಮೊದಲು ಕೈಬಿಡುವುದು ಸೋಫಾವನ್ನು. ಮಳಿಗೆಯ ಯಜಮಾನರು ಮ್ಯಾನೇಜರನ್ನು ಕರೆದು, ಇನ್ನು ಮೇಲೆ ಮಧ್ಯಾಹ್ನದವರೆಗೆ ಬಂದರೆ ಸಾಕು, ಸಂಬಳವೂ ಮಧ್ಯಾಹ್ನದವರೆಗೇ ಎಂದರು. ಈ ವಿಷಯವನ್ನು ಮ್ಯಾನೇಜರ್ ಹೆಂಡತಿಗೆ ಹೇಳಿದರು. ಬೀದಿಗೆ ಹೇಳಲಿಲ್ಲ. ಮಧ್ಯಾಹ್ನದ ನಂತರ ಉದ್ಯಾನದ ಬೆಂಚಿನ ಮೇಲೆ ಟೈ ಕಟ್ಟಿಕೊಂಡೇ ಕುಳಿತು, ಸಂಜೆ ದಣಿದ ಮುಖ ಮಾಡಿಕೊಂಡು ಮನೆಗೆ ಬರುತ್ತಿದ್ದರು. ಸುಮ್ಮನೆ ಕುಳಿತಿರುವುದೂ ದಣಿವಿನ ಕೆಲಸವೇ ಆದ್ದರಿಂದ ಆ ಮುಖದಲ್ಲಿ ಸುಳ್ಳೇನೂ ಇರಲಿಲ್ಲ.

ಅದೇ ದಿನಗಳಲ್ಲಿ ಬೀದಿಯ ಮೂಲೆಯಲ್ಲಿ ಮುಚ್ಚಿಹೋಗಿದ್ದ ಗ್ಯಾರೇಜಿನಲ್ಲಿ ಒಂದು ಸಹಕಾರಿ ಅಡುಗೆಮನೆ ಶುರುವಾಯಿತು. ಮನೆಮನೆಯಲ್ಲೂ ಬೇರೆಬೇರೆ ಒಲೆ ಉರಿಸಿ ಬರಿಗೈಯಾಗುವ ಬದಲು, ಎಲ್ಲರೂ ಸೇರಿ ಸಗಟು ಮಾರುಕಟ್ಟೆಯಿಂದ ಸಾಮಾನು ತಂದು, ಒಂದೇ ಕಡೆ ಬೇಯಿಸಿ, ಅವರವರ ಪಾಲನ್ನು ಡಬ್ಬಿಯಲ್ಲಿ ಒಯ್ಯುವುದು. ತಗಲಿದ ಖರ್ಚಷ್ಟೇ ಬೆಲೆ. ಪ್ರತಿ ಮನೆಯಿಂದಲೂ ಒಬ್ಬರು ಸರದಿಯಂತೆ ಬಂದು ಹೆಚ್ಚಬೇಕು, ಇಲ್ಲವೇ ಬೇಯಿಸಬೇಕು, ಇಲ್ಲವೇ ತೊಳೆಯಬೇಕು. ಇದನ್ನು ನಡೆಸುತ್ತಿದ್ದವರು ನಿವೃತ್ತ ಬಸ್ ಕಂಡಕ್ಟರ್ ಒಬ್ಬರು. ಎಲ್ಲರೂ ಅವರನ್ನು ಕಂಡಕ್ಟರಮ್ಮ ಎನ್ನುತ್ತಿದ್ದರು. ಸೀಟಿ ಕೊರಳಲ್ಲೇ ಇರುತ್ತಿತ್ತು. ಒಂದು ಸೀಟಿ ಊದಿದರೆ ಸಾಲು ನಿಲ್ಲಬೇಕು, ಎರಡು ಊದಿದರೆ ಮುಂದೆ ಸರಿಯಬೇಕು.

ಮ್ಯಾನೇಜರಿಗೆ ಈ ವ್ಯವಸ್ಥೆ ಹಿಡಿಸಲಿಲ್ಲ. ಪ್ರತಿದಿನ ಊಟಕ್ಕೆ ಕುಳಿತಾಗ ಅದರ ಬಗ್ಗೆ ಒಂದು ಸಣ್ಣ ಭಾಷಣವಾಗುತ್ತಿತ್ತು.

"ಗ್ಯಾರೇಜಲ್ಲಿ ಬೇಯಿಸಿದ್ದನ್ನ ಸಾಲಲ್ಲಿ ನಿಂತು ತಂದು ತಿನ್ನೋದು ಅಂದ್ರೆ ಏನರ್ಥ? ಮಾನ ಇರೋರು ಮಾಡೋ ಕೆಲಸಾನಾ ಅದು? ಸ್ವಲ್ಪ ಬೇಳೆ ಹಾಕು."

ಹೆಂಡತಿ ಹಾಕುತ್ತಿದ್ದಳು.

"ನೋಡು, ಇದು ಮನೆ ಊಟ. ಈಚೆಗಂತೂ ನಿನ್ನ ಕೈ ಬಹಳ ಹದಕ್ಕೆ ಬಂದಿದೆ. ಮೊದಲು ಉಪ್ಪು ಒಂದಿನ ಜಾಸ್ತಿ, ಒಂದಿನ ಕಮ್ಮಿ ಇರ್ತಿತ್ತು."

ಪಕ್ಕದಲ್ಲಿ ಕುಳಿತ ಅತ್ತೆ, ಅಂದರೆ ಹೆಂಡತಿಯ ತಾಯಿ, ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಆಕೆಗೆ ಕಿವಿ ಮಂದ. ಆದರೂ ಈ ಹೊಗಳಿಕೆ ಮಾತ್ರ ಹೇಗೋ ಕೇಳಿಸಿ ಭುಜ ಅಲುಗಾಡುತ್ತಿತ್ತು. ಅಳಿಯಂದಿರು ಅದನ್ನು ಕೆಮ್ಮು ಎಂದು ತಿಳಿದಿದ್ದರು.

ವಿಷಯ ಹೊರಬಿದ್ದದ್ದು ಹೆಂಡತಿ ತಂಗಿಯ ಹೆರಿಗೆಗೆಂದು ಬೇರೆ ಊರಿಗೆ ಹೊರಟ ದಿನ. ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು ಆಕೆ ಹೇಳಿದಳು.

"ಅಮ್ಮ ಇಂಜೆಕ್ಷನ್ ತೊಗೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟ ಬೀಳಬೇಕು. ತಡ ಮಾಡಿದ್ರೆ ಸಕ್ಕರೆ ಇಳಿದುಬಿಡುತ್ತೆ. ಡಬ್ಬಿ ಅಲ್ಲಿ ತೊಳೆದಿಟ್ಟಿದೀನಿ. ಮಧ್ಯಾಹ್ನ ಮಳಿಗೆಯಿಂದ ಬರ್ತಾ ಗ್ಯಾರೇಜಿಗೆ ಹೋಗಿ ಇಸ್ಕೊಂಡು ಬನ್ನಿ."

"ಗ್ಯಾರೇಜಿಗೆ ಯಾಕೆ?"

"ಊಟಕ್ಕೆ. ಎರಡು ತಿಂಗಳಿಂದ ನೀವು ತಿಂತಿರೋದು ಅಲ್ಲಿದೇ. ನನ್ನ ಹೆಸರಲ್ಲಿ ಸದಸ್ಯತ್ವ ಇದೆ. ನಾನು ಅಲ್ಲಿ ಪಾತ್ರೆ ತೊಳೆಯೋರ ಮೇಲ್ವಿಚಾರಕಿ."

ಬಸ್ಸಿಗೆ ಹೊತ್ತಾಗಿತ್ತು. ಆಕೆ ಹೊರಟುಹೋದಳು. ಮ್ಯಾನೇಜರ್ ಕುರ್ಚಿಯಲ್ಲಿ ಕುಸಿದು, ಎರಡು ತಿಂಗಳಲ್ಲಿ ತಾವು ಆಡಿದ ಮಾತುಗಳನ್ನೆಲ್ಲ ನೆನಪಿಸಿಕೊಳ್ಳಲು ಹೋಗಿ, ಅರ್ಧಕ್ಕೇ ನಿಲ್ಲಿಸಿದರು. ಅತ್ತೆ ಈ ಸಲ ಮುಚ್ಚುಮರೆಯಿಲ್ಲದೆ ನಕ್ಕರು.

ಆ ದಿನ ತಾವೇ ಅಡುಗೆ ಮಾಡುವುದೆಂದು ಅವರು ನಿರ್ಧರಿಸಿದರು. ಅನ್ನ ಇಟ್ಟರು. ತಳದಲ್ಲಿ ಸೀದು ಮೇಲೆ ಅಕ್ಕಿಯಾಗಿಯೇ ಉಳಿಯುವ ಹಂತಕ್ಕೆ ಅದು ಬಂದಾಗ ಸಿಲಿಂಡರ್ ಖಾಲಿಯಾಯಿತು. ಹೊಸ ಸಿಲಿಂಡರಿನ ಬೆಲೆಯನ್ನು ಅಂಗಡಿಯವನಲ್ಲಿ ಕೇಳಿ, "ಆಮೇಲೆ ಹೇಳ್ತೀನಿ" ಎಂದು ಬಂದರು. ಅತ್ತೆ, ಅಳಿಯ ಇಬ್ಬರೂ ಬ್ರೆಡ್ಡು ತಿಂದರು.

ಮರುದಿನ ಬೇರೆ ದಾರಿಯಿರಲಿಲ್ಲ. ಮ್ಯಾನೇಜರ್ ಡಬ್ಬಿಯನ್ನು ಆಫೀಸಿನ ಸೂಟ್‌ಕೇಸಿನೊಳಗಿಟ್ಟು, ಟೈ ಸರಿಮಾಡಿಕೊಂಡು, ಗ್ಯಾರೇಜಿನ ಸಾಲಿನ ಕೊನೆಯಲ್ಲಿ ಗೋಡೆಯ ಕಡೆಗೆ ಮುಖ ಮಾಡಿ ನಿಂತರು. ಅವರ ಮುಂದಿದ್ದ ವ್ಯಕ್ತಿಯೂ ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದರು. ನೋಡಲು ಏನೂ ಇಲ್ಲದ ಆ ಗೋಡೆಯನ್ನು ಇಬ್ಬರೂ ಬಹಳ ಆಸಕ್ತಿಯಿಂದ ನೋಡುತ್ತಿರುವಾಗ ಮುಂದಿನವರು ಸೀನಿದರು. ಮ್ಯಾನೇಜರಿಗೆ ಆ ಸೀನು ಚೆನ್ನಾಗಿ ಪರಿಚಿತ. ಪ್ರತಿದಿನ ಬೆಳಿಗ್ಗೆ ಮೇಲಿನ ಮಹಡಿಯಿಂದ ಕೇಳಿಬರುವ ಸೀನು ಅದು. ಅವರ ಮನೆಯ ಮಾಲೀಕರು.

ಮಾಲೀಕರು ತಿರುಗಿದರು. ಒಬ್ಬರನ್ನೊಬ್ಬರು ನೋಡಿದರು. ಮಾಲೀಕರ ಕೈಯಲ್ಲೂ ಡಬ್ಬಿಯಿತ್ತು.

"ನಾಯಿಗೆ," ಎಂದರು ಮಾಲೀಕರು, ಯಾರೂ ಏನೂ ಕೇಳುವ ಮೊದಲೇ.

"ನಿಮ್ಮನೇಲಿ ನಾಯಿ ಇದೆಯಾ?"

"ಇದೆ. ಬೊಗಳಲ್ಲ. ಹೊರಗೂ ಬರಲ್ಲ. ನಾಚಿಕೆ ಸ್ವಭಾವ." ಮಾಲೀಕರು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದರು. "ನೀವು?"

"ನಾನಾ? ನಾನು ಸುಮ್ನೆ ನೋಡೋಕೆ ಬಂದೆ. ಪಾಪ, ಏನೋ ಒಳ್ಳೆ ಕೆಲಸ ಮಾಡ್ತಿದಾರೆ. ನಮ್ಮಂಥೋರು ಕೈಲಾದ ಸಹಾಯ ಮಾಡಬೇಕಲ್ವಾ, ಅದಕ್ಕೆ."

ಜೀವನದಲ್ಲಿ ಮ್ಯಾನೇಜರ್ ಜೋರಾಗಿ ಆಡಿದ ಎಷ್ಟೋ ಮಾತುಗಳು ಯಾರ ಕಿವಿಗೂ ಬೀಳದೆ ಹೋಗಿದ್ದವು. ಈ ಮಾತನ್ನು ಮೆಲ್ಲಗೆ ಆಡಿದರು. ಒಂದು ಸೀಟಿ ಕೇಳಿಸಿತು. ಸಾಲು ನಿಂತಿತು. ತುಂಬಿದ ಬಸ್ಸಿನಲ್ಲಿ ಕೊನೆಯ ಸೀಟಿನವನು ಗೊಣಗಿದ್ದನ್ನೂ ಕೇಳಿಸಿಕೊಳ್ಳುತ್ತಿದ್ದ ಕಂಡಕ್ಟರಮ್ಮ ಸಾಲಿನ ಪಕ್ಕದಲ್ಲೇ ನಡೆದು ಬಂದರು.

"ಯಾರು ಸಹಾಯ ಮಾಡ್ತೀನಿ ಅಂದಿದ್ದು?"

ಮಾಲೀಕರು ಮ್ಯಾನೇಜರನ್ನು ತೋರಿಸಿದರು. ತಮ್ಮ ನಾಯಿಯಿಂದ ಗಮನ ಬೇರೆಡೆ ಹೋದದ್ದಕ್ಕೆ ಅವರ ಮುಖ ಅರಳಿತ್ತು.

"ಒಳ್ಳೇದಾಯ್ತು ಬನ್ನಿ," ಎಂದರು ಕಂಡಕ್ಟರಮ್ಮ. "ನಮಗೆ ಬೇಕಾಗಿರೋದು ಒಂದೇ ಒಂದು ಫ್ರಿಜ್. ಸಗಟಿಗೆ ತಂದಿದ್ದು ಮೂರನೇ ದಿನಕ್ಕೆ ಬಾಡಿ ಹೋಗುತ್ತೆ. ಹಾಲಂತೂ ಮಧ್ಯಾಹ್ನಕ್ಕೇ ಒಡೆಯುತ್ತೆ. ಉಳಿಸಿದ್ದೆಲ್ಲ ಹಂಗೇ ಹೋಗ್ತಿದೆ. ನೀವು ದೊಡ್ಡ ಮಳಿಗೆ ಮ್ಯಾನೇಜರು. ಮನಸ್ಸು ಮಾಡಿದ್ರೆ ನಿಮಗದು ಯಾವ ಲೆಕ್ಕ?"

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. ಸಾಲಿನಲ್ಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು.

"ನೋಡೋಣ," ಎಂದರು.

ದೊಡ್ಡ ಮನುಷ್ಯರ ಭಾಷೆಯಲ್ಲಿ 'ನೋಡೋಣ' ಎಂದರೆ ಆಗುವುದಿಲ್ಲ ಎಂದೇ ಅರ್ಥ. ಆದರೆ ಕಂಡಕ್ಟರಮ್ಮ ದೊಡ್ಡ ಮನುಷ್ಯರ ನಡುವೆ ಬೆಳೆದವರಲ್ಲ. ಅವರು ಸೀಟಿಯನ್ನು ಎರಡು ಸಲ ಊದಿ, "ಮ್ಯಾನೇಜರು ಫ್ರಿಜ್ ಕೊಡ್ತಾರಂತೆ, ರೈಟ್, ರೈಟ್" ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಇಂಥ ದಾನಿ ಅದೇ ಸಾಲಿನಲ್ಲಿ ನಿಂತು ಡಬ್ಬಿ ಚಾಚುವುದು ಹೇಗೆ? ಮ್ಯಾನೇಜರ್ ಸೂಟ್‌ಕೇಸನ್ನು ಎದೆಗವಚಿಕೊಂಡು ಹೊರಗೆ ಬಂದರು. ಒಳಗಿನ ಖಾಲಿ ಡಬ್ಬಿ ಹೆಜ್ಜೆಹೆಜ್ಜೆಗೂ ಲೊಡಲೊಡ ಎನ್ನುತ್ತಿತ್ತು. ಆ ದಿನವೂ ಬ್ರೆಡ್ಡೇ ಆಯಿತು.

ಸಾಲಿನಲ್ಲಿ ಕಟಿಂಗ್ ಶಾಪಿನವನೂ ಇದ್ದ ಎಂಬುದನ್ನು ಹೇಳಲು ಮರೆತೆ. ಅವನ ಕುರ್ಚಿಯಲ್ಲಿ ಕುಳಿತವರು ಕತ್ತಿ ಗಂಟಲ ಮೇಲಿರುವಾಗ ಎದುರಾಡುವಂತಿಲ್ಲವಾದ್ದರಿಂದ, ಅಲ್ಲಿಂದ ಹೊರಟ ಸುದ್ದಿಗೆ ಬೀದಿಯಲ್ಲಿ ಯಾರೂ ಎದುರಾಡಿದ್ದಿಲ್ಲ. ಸಂಜೆಯ ಹೊತ್ತಿಗೆ ಔಷಧಿ ಅಂಗಡಿಯವರು ಎದ್ದು ನಿಂತು ಕೈಮುಗಿದರು. ಇಸ್ತ್ರಿಯವನು ಟೈಯನ್ನು ಪುಕ್ಕಟೆಯಾಗಿ ಇಸ್ತ್ರಿ ಮಾಡಿಕೊಟ್ಟ. ಎದುರು ಮನೆಯಾಕೆ ತನ್ನ ಗಂಡನಿಗೆ ಕಿಟಕಿಯಲ್ಲೇ ನಿಂತು, "ನೋಡಿ, ಗಂಡಸು ಅಂದ್ರೆ ಅವರು" ಎಂದಳು. ಪ್ರತಿಯೊಬ್ಬರಿಗೂ ಸತ್ಯ ಹೇಳಿಬಿಡಬೇಕೆಂದು ಮ್ಯಾನೇಜರ್ ಬಾಯಿ ತೆರೆಯುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಹೊಗಳಿಕೆ ಬಂದು ಬಾಯಿ ಮುಚ್ಚುತ್ತಿತ್ತು. ಹೊಗಳಿಕೆ ಕೇಳಿ ಅವರಿಗೆ ನಾಚಿಕೆಯಾಗುತ್ತಿತ್ತು, ನಿಜ. ಹಾಗೆಯೇ ಸ್ವಲ್ಪ ಹಿತವೂ ಆಗುತ್ತಿತ್ತು ಎಂಬುದು ಇನ್ನೂ ನಾಚಿಕೆಯ ಸಂಗತಿ.

ಮರುದಿನ ಮಳಿಗೆಗೆ ವಾರದ ರಜೆ. ಬೆಳಿಗ್ಗೆಯೇ ಬಾಗಿಲು ಬಡಿಯಿತು. ಬೀದಿಯ ಎಲೆಕ್ಟ್ರಿಷಿಯನ್ ನಿಂತಿದ್ದ. ಹಿಂದೆ ನಾಲ್ಕಾರು ಗಟ್ಟಿಮುಟ್ಟಾದ ಆಳುಗಳು, ಹಗ್ಗ, ಒಂದು ತಳ್ಳುಗಾಡಿ.

"ಸಾರ್, ಫ್ರಿಜ್ ಸೈಜು ಗೊತ್ತಾದ್ರೆ ಅಲ್ಲಿ ಪ್ಲಗ್ ಪಾಯಿಂಟ್ ಹಾಕ್ತೀನಿ," ಎನ್ನುತ್ತ ಅವನು ಒಳಗೆ ಇಣುಕಿದ. ಅಡುಗೆಮನೆಯ ಮೂಲೆಯಲ್ಲಿ ಮನೆಯವರ ಹಸಿರು ಬಣ್ಣದ ಫ್ರಿಜ್ ತನ್ನ ಪಾಡಿಗೆ ಗುಂಯ್‌ಗುಟ್ಟುತ್ತಿತ್ತು. "ಓ, ಇದೇನಾ ಸಾರ್?"

"ಅದು... ಅದು ನಮ್ಮದು."

"ನಿಮ್ಮ ಸ್ವಂತದ್ದೇ ಕೊಡ್ತಿದೀರಾ?" ಎಲೆಕ್ಟ್ರಿಷಿಯನ್ನನ ಕಣ್ಣು ತೇವವಾಯಿತು. ಹಿಂದಿದ್ದವರ ಕಡೆ ತಿರುಗಿ, "ನೋಡ್ರಪ್ಪಾ, ಅಂಗಡಿಯಿಂದ ತರಿಸಿ ಕೊಡೋರು ಎಷ್ಟೋ ಜನ ಇರ್ತಾರೆ. ಮನೇಲಿ ಓಡ್ತಿರೋದನ್ನೇ ಕಿತ್ತು ಕೊಡೋರನ್ನ ನೋಡಿದೀರಾ?" ಅಂದ.

ಅವರು ನೋಡಿರಲಿಲ್ಲ. ಅಂಥವರನ್ನು ಮ್ಯಾನೇಜರೂ ನೋಡಿರಲಿಲ್ಲ.

"ಹಾಗಲ್ಲ, ನಾನು ಹೇಳೋದು ಏನಂದ್ರೆ..."

"ಏನೂ ಹೇಳ್ಬೇಡಿ ಸಾರ್. ಒಳಗೇನಾದ್ರೂ ಇದೆಯಾ?"

"ಒಳಗಾ? ಒಳಗೇನೂ ಇಲ್ಲ," ಎಂದುಬಿಟ್ಟರು ಮ್ಯಾನೇಜರ್. ಒಳಗೆ ಏನಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಅದು ಹೆಂಡತಿಯ ಇಲಾಖೆ. ಆಳುಗಳು ಹಗ್ಗ ಬಿಗಿದರು, ಎತ್ತಿದರು, ಹೊರಟೇಹೋದರು. "ಮನೆಗೆ ಹೊಸದೊಂದು ಬರ್ತಾ ಇದೆ," ಎಂದು ಮ್ಯಾನೇಜರ್ ಅವರ ಬೆನ್ನಿಗೆ ಕೂಗಿ ಹೇಳಿದರು. ಕೇಳಿದವರು ಯಾರೂ ಇರಲಿಲ್ಲ. ಸ್ನಾನ ಮುಗಿಸಿ ಬಂದ ಅತ್ತೆ, ಮೊದಲಿಗಿಂತ ಅಗಲವಾಗಿ ಕಂಡ ಗೋಡೆಯನ್ನು ದಿಟ್ಟಿಸಿದರು.

"ಎಲ್ಲಿ ಹೋಯ್ತು?"

"ರಿಪೇರಿಗೆ, ಅತ್ತೆ."

"ಯಾರಿಗೆ?"

ಅತ್ತೆಗೆ ಸರಿಯಾಗಿ ಕೇಳಿಸಿರಲಿಲ್ಲ. ಕೇಳಿಸದೆಯೂ ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ ಆಗಿತ್ತು. ಮ್ಯಾನೇಜರ್ ಉತ್ತರ ಕೊಡದೆ ಟೈ ಕಟ್ಟಿಕೊಂಡು, ಫ್ರಿಜ್ಜಿನ ಸಮಾರಂಭ ಮುಗಿದೊಡನೆ ಊಟಕ್ಕೆ ಏನಾದರೂ ತಂದರಾಯಿತು ಎಂದುಕೊಂಡು ಹೊರಟರು.

ಮಧ್ಯಾಹ್ನ ಗ್ಯಾರೇಜಿನಲ್ಲಿ ಸಣ್ಣದೊಂದು ಸಮಾರಂಭ. ಫ್ರಿಜ್ಜಿನ ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಅದರ ಪಕ್ಕದಲ್ಲಿ ಮೂರು ಕುರ್ಚಿ: ಒಂದರಲ್ಲಿ ಕಂಡಕ್ಟರಮ್ಮ, ಒಂದರಲ್ಲಿ ದಾನಿ, ಇನ್ನೊಂದರಲ್ಲಿ ದಾನಿಗೆ ಮನೆ ಬಾಡಿಗೆ ಕೊಟ್ಟ ಹೆಗ್ಗಳಿಕೆಯ ಮೇಲೆ ಮಾಲೀಕರು. ಕಂಡಕ್ಟರಮ್ಮ ಸೀಟಿ ಊದಿ ಮಾತು ಶುರು ಮಾಡಿದರು. ಇನ್ನು ಮೇಲೆ ಮಕ್ಕಳಿರುವ ಮನೆಗಳಿಗೆ ಹಾಲು ಕೊಡಬಹುದು ಎಂದರು. ಮಗು ಎತ್ತಿಕೊಂಡ ಒಬ್ಬಾಕೆ ಮ್ಯಾನೇಜರ ಕಡೆ ನೋಡಿದ ನೋಟ ಎಷ್ಟು ಕೃತಜ್ಞತೆಯಿಂದ ತುಂಬಿತ್ತೆಂದರೆ, ಅವರು ಕುರ್ಚಿಯಲ್ಲೇ ಕುಗ್ಗಿ ಅರ್ಧವಾದರು. ಕತ್ತರಿ ಕೈಗೆ ಬಂತು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಗ್ಯಾರೇಜಿನ ನೆಲ ಗಟ್ಟಿ ಸಿಮೆಂಟಿನದು.

ರಿಬ್ಬನ್ ಕತ್ತರಿಸಿ ಬಾಗಿಲು ತೆರೆದರು. ಖಾಲಿ ಫ್ರಿಜ್ ನೋಡಲು ಸಿದ್ಧರಾಗಿದ್ದ ಜನಕ್ಕೆ ಅರ್ಧ ಕೋಸು, ಮುಚ್ಚಳ ಕಳಚಿ ಚೆಲ್ಲಿದ ಹಾಲು, ಹೆಂಡತಿಯ ಮುಖಕ್ಕೆ ಹಚ್ಚುವ ಕ್ರೀಮು ಮತ್ತು ಬಾಗಿಲಿನ ಗೂಡಿನಲ್ಲಿ ಸಾಲಾಗಿ ನಿಂತ ಸಣ್ಣ ಸಣ್ಣ ಔಷಧಿ ಶೀಶೆಗಳು ಕಂಡವು.

"ಸಾಮಾನು ಸಮೇತ ಕೊಟ್ಟಿದಾರೆ," ಎಂದ ಕಟಿಂಗ್ ಶಾಪಿನವನು. ಮತ್ತೆ ಚಪ್ಪಾಳೆ.

ಆ ಚಪ್ಪಾಳೆಯ ನಡುವೆ ಜನರನ್ನು ಸರಿಸಿಕೊಂಡು ಅತ್ತೆ ಬಂದರು. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಡಬ್ಬಿ. ಹಣೆಯಲ್ಲಿ ಬೆವರು.

"ಅತ್ತೆ, ನೀವು ಮನೆಗೆ ನಡೀರಿ, ನಾನು ಬಂದೆ," ಎಂದರು ಮ್ಯಾನೇಜರ್ ಪಿಸುದನಿಯಲ್ಲಿ.

ಕಿವಿ ಮಂದವಾದವರಿಗೆ ಪಿಸುಗುಟ್ಟಿ ಏನೂ ಪ್ರಯೋಜನವಿಲ್ಲ. ಅತ್ತೆ ಎಲ್ಲರಿಗೂ ಕೇಳುವಂತೆ, ತಮ್ಮ ಸಹಜ ದನಿಯಲ್ಲಿ ಮಾತಾಡಿದರು. "ಇದು ನಮ್ಮನೆ ಫ್ರಿಜ್ಜು. ರಿಪೇರಿಗೆ ಹೋಗಿದೆ ಅಂದ್ರಲ್ಲ? ನನ್ನ ಇಂಜೆಕ್ಷನ್ನು ಅದರೊಳಗಿದೆ. ಬೆಳಿಗ್ಗೆ ಸ್ನಾನಕ್ಕೆ ಮೊದಲೇ ಒಂದು ತೊಗೊಂಡಿದ್ದೆ, ಆಮೇಲೆ ಊಟ ಬರಲೇ ಇಲ್ಲ. ನೆನ್ನೆನೂ ಬ್ರೆಡ್ಡು, ಮೊನ್ನೆನೂ ಬ್ರೆಡ್ಡು. ಈ ಅಳಿಯಂದಿರು ಡಬ್ಬಿ ತೊಗೊಂಡು ಊಟಕ್ಕೆ ಬರ್ತಾರೆ, ಖಾಲಿ ಡಬ್ಬಿ ತರ್ತಾರೆ. ನಮ್ಮ ಪಾಲು ಏನಾಯ್ತಮ್ಮ? ನನ್ನ ಮಗಳು ಇಲ್ಲಿ ಪಾತ್ರೆ..."

ಮಾತು ಅಲ್ಲಿಗೇ ನಿಂತಿತು. ಡಬ್ಬಿ ಕೈಜಾರಿ ಬಿತ್ತು. ಅತ್ತೆಯ ಕೈ ನಡುಗುತ್ತಿತ್ತು. ಮಂಡಿ ಸಡಿಲವಾಗಿ ಕೆಳಗೆ ಕೂತುಬಿಟ್ಟರು.

ಮ್ಯಾನೇಜರ್ ಕತ್ತರಿ ಹಿಡಿದುಕೊಂಡೇ ನಿಂತಿದ್ದರು. ಓಡಿದವರು ಬೇರೆಯವರು. ಕಂಡಕ್ಟರಮ್ಮ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕುಗುಟುಕಾಗಿ ಸಕ್ಕರೆ ನೀರು ಕುಡಿಸಿದರು. ಮಗು ಎತ್ತಿಕೊಂಡಿದ್ದಾಕೆ ಮಗುವನ್ನು ಮಾಲೀಕರ ಕೈಗೆ ತುರುಕಿ ಗಾಳಿ ಬೀಸಿದಳು. ಯಾರೋ ಅನ್ನ ಕಲಸಿ ತಂದರು. ಅತ್ತೆಯ ಕೆನ್ನೆಗೆ ಬಣ್ಣ ಮರಳಿತು. ಆಮೇಲೆ ಎಲ್ಲರೂ ಒಟ್ಟಿಗೆ ಮ್ಯಾನೇಜರ ಕಡೆ ನೋಡಿದರು. ಯಾರಾದರೂ ನಕ್ಕಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಯಾರೂ ನಗಲಿಲ್ಲ.

"ಊಟಕ್ಕೇ ಬಂದಿದ್ರಾ ನಿನ್ನೆ?" ಎಂದು ಕೇಳಿದರು ಕಂಡಕ್ಟರಮ್ಮ.

"ಹೂಂ."

"ಹಾಗಂತ ಹೇಳಿದ್ರೆ ಹಾಕ್ತಿದ್ವಲ್ಲ. ಅದಕ್ಕೇ ತಾನೇ ಸಾಲು ನಿಲ್ಲೋದು."

ಮ್ಯಾನೇಜರ್ ಕತ್ತರಿಯನ್ನು ಕುರ್ಚಿಯ ಮೇಲಿಟ್ಟರು.

ಆ ಗಳಿಗೆಯಲ್ಲೇ ಹೆಂಡತಿ ಒಳಗೆ ಬಂದಳು, ಹೆಗಲಲ್ಲಿ ಅದೇ ಚೀಲ. ಹಿಂದಿನ ಸಂಜೆ ಕಟಿಂಗ್ ಶಾಪಿನವನು ಫೋನ್ ಮಾಡಿ, "ಅಕ್ಕಾ, ನಿಮ್ಮ ಯಜಮಾನ್ರು ಫ್ರಿಜ್ ದಾನ ಮಾಡ್ತಿದಾರೆ, ಸಮಾರಂಭಕ್ಕೆ ನೀವಿಲ್ದಿದ್ರೆ ಹೇಗೆ" ಎಂದಿದ್ದ. ತಮ್ಮ ಬಳಿ ದಾನ ಮಾಡಲು ಎಷ್ಟು ಫ್ರಿಜ್ ಇವೆ ಎಂಬುದು ಆಕೆಗೆ ಗೊತ್ತಿತ್ತು. ತಂಗಿಗೆ ಹೆರಿಗೆಯೂ ಸುಸೂತ್ರವಾಗಿ ಆಗಿತ್ತು. ಮೊದಲ ಬಸ್ಸಿಗೇ ಹತ್ತಿದ್ದಳು. ಆಕೆ ಗಂಡನನ್ನು ನೋಡಲಿಲ್ಲ. ತಾಯಿಯ ಹತ್ತಿರ ಕುಳಿತು ಕೈ ಮುಟ್ಟಿ ನೋಡಿ, ಉಳಿದ ತುತ್ತುಗಳನ್ನು ತಾನೇ ತಿನ್ನಿಸಿ, ಆಮೇಲೆ ಎದ್ದಳು.

ಸಹಕಾರಿ ಸಂಸ್ಥೆಯಲ್ಲಿ ಏನೇ ಆದರೂ ಸಭೆ ಸೇರಿ ಕೈ ಎತ್ತಿ ತೀರ್ಮಾನಿಸಬೇಕು. ಕಂಡಕ್ಟರಮ್ಮ ಅಲ್ಲೇ ಸಭೆ ಸೇರಿಸಿದರು.

"ಈ ಫ್ರಿಜ್ ವಾಪಸ್ ಕಳಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಪೇಚಿಗೆ ಸಿಕ್ಕಿ ಕೊಟ್ಟಿದ್ದು ನಮಗೆ ಬೇಡ."

"ಬೇಡ, ಇಲ್ಲೇ ಇರಲಿ," ಎಂದಳು ಹೆಂಡತಿ. "ಮನೇಲಿ ಮೂರು ಜನಕ್ಕೆ ಅದು ಅರ್ಧ ಖಾಲಿನೇ ಇರ್ತಿತ್ತು. ಕರೆಂಟ್ ಬಿಲ್ಲೂ ಕಟ್ಟೋಕಾಗ್ತಿಲ್ಲ. ಇಲ್ಲಿದ್ರೆ ಮಕ್ಕಳಿಗೆ ಹಾಲಾಗುತ್ತೆ. ಅಮ್ಮನ ಶೀಶೆಗಳೂ ಇದರ ಬಾಗಿಲಲ್ಲೇ ಇರಲಿ. ಹೊತ್ತೊತ್ತಿಗೆ ಬಂದು ತೊಗೊಂಡು ಹೋಗೋಕೆ ಮನೇಲಿ ಒಬ್ಬರು ಮಧ್ಯಾಹ್ನದಿಂದ ಬಿಡುವಾಗೇ ಇರ್ತಾರೆ. ಪಾರ್ಕಿನಲ್ಲಿ ಕೂರೋ ಬದಲು ಬರ್ತಾರೆ."

ಹೀಗೆ ಉದ್ಯಾನದ ಬೆಂಚೂ ಬಯಲಾಯಿತು.

"ಇರಲಿ ಅನ್ನೋರು ಕೈ ಎತ್ತಿ," ಎಂದರು ಕಂಡಕ್ಟರಮ್ಮ. ಕೈಗಳು ಎದ್ದವು. ಹೇಗಾದರೂ ಒಂದು ಒಳ್ಳೆಯ ಕೆಲಸ ಮಾಡಿಯೇ ತೀರಬೇಕೆಂದು ಮ್ಯಾನೇಜರೂ ಎತ್ತಿದರು.

"ನೀವು ಇಳಿಸಿ. ನೀವು ಸದಸ್ಯರಲ್ಲ."

ಮ್ಯಾನೇಜರ್ ಕೈ ಇಳಿಸಿದರು. ತಾವು ಕೊಟ್ಟ ಫ್ರಿಜ್ಜಿನ ಬಗ್ಗೆ ಮತ ಹಾಕುವ ಹಕ್ಕು ಆ ಸಭೆಯಲ್ಲಿ ಇಲ್ಲದಿದ್ದದ್ದು ಅವರೊಬ್ಬರಿಗೇ. ಸರದಿ ಕೆಲಸ ಮಾಡಿದರೆ ಆ ಹಕ್ಕು ಬರುತ್ತದೆಂದು ಕಂಡಕ್ಟರಮ್ಮ ತಿಳಿಸಿದರು. ಬಳಿಕ ಮಗುವನ್ನು ಎತ್ತಿಕೊಂಡು ಬೆವರುತ್ತಿದ್ದ ಮಾಲೀಕರ ಕಡೆ ತಿರುಗಿದರು.

"ಓನರೇ, ನಿಮ್ಮ ನಾಯಿಯ ಸರದಿಯೂ ಬಾಕಿ ಇದೆ. ತಿನ್ನೋರೆಲ್ಲ ಕೆಲಸ ಮಾಡಬೇಕು. ಆಲೂಗಡ್ಡೆ ಸುಲಿಯೋಕೆ ಕಳಿಸ್ತೀರಾ?"

ಮಾಲೀಕರು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. "ಅದಕ್ಕೆ ಹುಷಾರಿಲ್ಲ," ಎಂದರು. "ಅದರ ಪರವಾಗಿ ನಾನೇ ಬರ್ತೀನಿ."

ಈಗ ಎಲ್ಲರೂ ನಕ್ಕರು. ಮಾಲೀಕರೂ ನಕ್ಕರು. ಮ್ಯಾನೇಜರ್ ನಗಲಿಲ್ಲ, ಅತ್ತೆಯ ಕೈಯಿಂದ ಬಿದ್ದು ನೆಗ್ಗಿಹೋಗಿದ್ದ ಡಬ್ಬಿಯನ್ನು ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತರು.

ಮನೆಯಲ್ಲಿ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಗಂಡನೊಂದಿಗೆ ಮಾತನ್ನೇ ಬಿಟ್ಟಳು. ಹೇಳಬೇಕಾದ್ದನ್ನೆಲ್ಲ ತಾಯಿಯ ಮೂಲಕ ಹೇಳುತ್ತಿದ್ದಳು. ತಾಯಿಯ ಕಿವಿ ಎಂಥದೆಂದು ಆಗಲೇ ಹೇಳಿದ್ದೇನೆ.

"ಅಮ್ಮಾ, ನಾಳೆ ಅವರ ಸರದಿ ಇದೆ, ಬೇಗ ಏಳಬೇಕು ಅಂತ ಹೇಳು."

"ಅಳಿಯಂದಿರೇ, ನಾಳೆ ವರದಿ ಇದೆಯಂತೆ, ಬೇಗ ಹೇಳಬೇಕಂತೆ."

"ಕೆಲಸಕ್ಕೆ ಬರುವಾಗ ಟೈ ಬೇಡ ಅಂತಾನೂ ಹೇಳು."

"ನಿಮಗೆ ಟೀ ಇಲ್ಲವಂತೆ."

ಮ್ಯಾನೇಜರ್ ಟೀ ಕುಡಿಯದೆಯೇ ತಲೆ ತಗ್ಗಿಸಿ ಕುಳಿತರು. ಆ ಶಿಕ್ಷೆ ನ್ಯಾಯವಾದದ್ದೆಂದೇ ಅವರಿಗೆ ಅನಿಸಿತು. ಕೊನೆಗೆ ಧೈರ್ಯ ಮಾಡಿ, "ಅತ್ತೆ, ತಪ್ಪಾಯ್ತು ಅಂತ ಹೇಳಿ ಅವಳಿಗೆ. ನಿಮಗೂ ಅದನ್ನೇ ಹೇಳ್ತಿದೀನಿ. ನನ್ನಿಂದ ನಿಮಗೆ ಏನಾದ್ರೂ ಆಗಿಬಿಟ್ಟಿದ್ರೆ..." ಎಂದರು. 

ಅತ್ತೆ ಅವರ ಮುಖವನ್ನು ದಿಟ್ಟಿಸಿ ನೋಡಿ, ಮಗಳ ಕಡೆ ತಿರುಗಿ, "ಉಪ್ಪು ಖಾಲಿ ಆಯ್ತಂತೆ" ಎಂದರು.

ಹೆಂಡತಿ ಎದ್ದು ಹೋಗಿ, ಕಂಠದವರೆಗೆ ತುಂಬಿದ್ದ ಉಪ್ಪಿನ ಭರಣಿಯನ್ನು ತಂದು ಗಂಡನ ಮುಂದೆ ಕುಕ್ಕಿದಳು. 

ಸರದಿಯ ದಿನ ಅವರಿಗೆ ಸಿಕ್ಕಿದ್ದು ಪಾತ್ರೆ. ಇಡೀ ಬೀದಿಗೆ ಬೇಳೆ ಬೇಯಿಸಿದ ಹಂಡೆ. ಅದರೊಳಗೆ ಮನುಷ್ಯ ಕುಳಿತುಕೊಳ್ಳಬಹುದಿತ್ತು. ಕುಳಿತು ಮುಚ್ಚಳ ಹಾಕಿಕೊಂಡರೆ ಹೇಗೆ ಎಂಬ ಆಲೋಚನೆಯೂ ಬಂದುಹೋಯಿತು. ಪಾತ್ರೆ ತೊಳೆಯಲು ಗ್ಯಾರೇಜಿನಲ್ಲಿ ಎರಡು ಜಾಗವಿದ್ದವು: ಬೀದಿಗೆ ಮುಖವಾಗಿ ಎದುರಿಗೊಂದು ನಲ್ಲಿ, ಹಿಂದೆ ಹಳೆ ಟೈರುಗಳ ನಡುವೆ ಇನ್ನೊಂದು. ಮ್ಯಾನೇಜರ್ ಹಂಡೆಯನ್ನು ಹಿಂದಕ್ಕೆ ಉರುಳಿಸಿಕೊಂಡು ಹೋಗಿ, ಟೈರುಗಳ ಮರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಉಜ್ಜತೊಡಗಿದರು. ಯಾರಾದರೂ ಹಾದುಹೋದ ಸದ್ದಾದರೆ ತಲೆಯನ್ನು ಹಂಡೆಯೊಳಗೆ ತೂರಿಸುತ್ತಿದ್ದರು.

ಮೇಲ್ವಿಚಾರಕಿ ಪರಿಶೀಲನೆಗೆ ಬಂದಳು. ಹಂಡೆಯನ್ನು ವಾಲಿಸಿ, ತಳಕ್ಕೆ ಬೆರಳು ಹಚ್ಚಿ, ಬೆರಳನ್ನು ನೋಡಿಕೊಂಡಳು. ಸಂದೇಶ ಒಯ್ಯಲು ಅಲ್ಲಿ ಅತ್ತೆ ಇರಲಿಲ್ಲ.

"ತಳ ಹಾಗೇ ಇದೆ," ಎಂದಳು.

ಸಮಾರಂಭದ ದಿನದ ನಂತರ ಆಕೆ ಗಂಡನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ಮ್ಯಾನೇಜರಿಗೆ ಕಣ್ಣು ತುಂಬಿ ಬಂತು.

"ಇನ್ನೊಂದ್ಸಲ ಉಜ್ತೀನಿ."

"ಈ ಕತ್ತಲಲ್ಲಿ ಎಷ್ಟು ಸಲ ಉಜ್ಜಿದ್ರೂ ಇಷ್ಟೇ. ಮುಂದಿನ ನಲ್ಲಿ ಹತ್ರ ಬೆಳಕಿದೆ, ಅಲ್ಲಿಗೆ ತನ್ನಿ."

"ಅಲ್ಲಿ ಜನ ಓಡಾಡ್ತಾರೆ."

"ಓಡಾಡ್ತಾರೆ," ಎಂದಳು ಹೆಂಡತಿ. ಹಂಡೆಯ ಒಂದು ಕಿವಿಯನ್ನು ತಾನು ಹಿಡಿದುಕೊಂಡು ನಿಂತಳು.

ಮ್ಯಾನೇಜರ್ ಇನ್ನೊಂದು ಕಿವಿ ಹಿಡಿದರು. ಇಬ್ಬರೂ ಸೇರಿ ಅದನ್ನು ಮುಂದಕ್ಕೆ ತಂದಿಟ್ಟರು. ಹೆಂಡತಿ ಒಳಗೆ ಹೋದಳು. ಬೀದಿಯಲ್ಲಿ ನಡುಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಮ್ಯಾನೇಜರ್ ಪ್ಯಾಂಟು ಮಡಿಚಿಕೊಂಡು, ಅಂಗಿಯ ತೋಳು ಏರಿಸಿಕೊಂಡು, ಕುತ್ತಿಗೆಯವರೆಗೆ ಕೆಂಪಾಗಿ ತಳವನ್ನು ಉಜ್ಜುತ್ತಿರುವಾಗ ಕಟಿಂಗ್ ಶಾಪಿನವನು ಬಾಚಣಿಗೆಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಹಾದುಬಂದ. ಇವನಿಗೆ ಒಂದು ಮಾತು ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಹೇಳಿದಂತೆ. ಮ್ಯಾನೇಜರಿಗೆ ಅದು ಗೊತ್ತಿತ್ತು.

"ಏನು ಸಾಹೇಬ್ರೇ, ಏನು ಮಾಡ್ತಿದೀರಿ?"

ಮ್ಯಾನೇಜರ್ ಬಾಯಿ ತೆರೆದರು. ಬಾಯಿಗೆ ಹಲವು ಉತ್ತರಗಳು ಬಂದವು. ಒಂದಕ್ಕಿಂತ ಒಂದು ಘನವಾದವು. ಅವನ್ನೆಲ್ಲ ಒಂದೊಂದಾಗಿ ನುಂಗಿಕೊಂಡರು.

"ಪಾತ್ರೆ ತೊಳೀತಿದೀನಿ," ಎಂದರು.

ಕಟಿಂಗ್ ಶಾಪಿನವನು ಮುಂದಿನ ಮಾತಿಗಾಗಿ ಸ್ವಲ್ಪ ಹೊತ್ತು ಕಾದ. ಮುಂದೆ ಏನೂ ಬರಲಿಲ್ಲ. ಹಂಡೆಯನ್ನು ನೋಡಿದ, ಅವರನ್ನು ನೋಡಿದ. ಸುದ್ದಿಯೆಂದು ಹೊತ್ತೊಯ್ಯಲು ಅದರಲ್ಲಿ ಅವನಿಗೆ ಏನೂ ಸಿಕ್ಕಲಿಲ್ಲ.

"ಓ," ಎಂದು ಹೇಳಿ ಅಂಗಡಿಯ ಕಡೆಗೆ ಹೊರಟುಹೋದ.